ಪಾಠದ ಬಗ್ಗೆ ಮಾತ್ರ

ಜೂನ್ 9

ಅಕ್ಕನಿಗೆ,

ಈ ಕಾಗದ ನೋಡಿ ನಿನಗೆ ಆಶ್ಚರ್ಯವಾಗಬಹುದು. ಬರೆಯುತ್ತಿರುವ ನನಗೂ ಆಗುತ್ತಿದೆ. ಮೊದಲೇ ಹೇಳಿಬಿಡುತ್ತೇನೆ, ಇದು ಪಾಠದ ಬಗ್ಗೆ ಮಾತ್ರ. ಬೇರೆ ಯಾವುದರ ಬಗ್ಗೆಯೂ ನಾನು ಕೇಳುವುದಿಲ್ಲ, ನೀನೂ ಬರೆಯಬೇಡ. ಫೋನ್ ಮಾಡಬೇಡ. ಎರಡು ವರ್ಷದ ಮೇಲೆ ನಿನ್ನ ದನಿ ಕೇಳಿದರೆ ನಾನು ಏನಾಗುತ್ತೇನೋ ನನಗೇ ಗೊತ್ತಿಲ್ಲ. ಕಾಗದವಾದರೆ ಬೇಡವೆನಿಸಿದಾಗ ಮಡಚಿ ಇಡಬಹುದು. ನಿನ್ನ ವಿಳಾಸವನ್ನು ನಿನ್ನ ಹಳೆಯ ಶಾಲೆಯ ಗುಮಾಸ್ತರ ಹತ್ತಿರ ಕೇಳಿ ತೆಗೆದುಕೊಂಡೆ.

ಮೆಣಸು ಈಗ ಆರು ವರ್ಷ ನಾಲ್ಕು ತಿಂಗಳಿನವಳು. ಹೆಸರಿಗೆ ತಕ್ಕ ಹಾಗೆ ಇದ್ದಾಳೆ, ಗಾತ್ರ ಕಾಳಿನಷ್ಟು, ಖಾರ ಊರಷ್ಟು. ಅವಳನ್ನು ಶಾಲೆಗೆ ಹಾಕಿಲ್ಲ. ದೊಡ್ಡವಳು ಹೋದ ಮೇಲೆ ಇನ್ನೊಂದು ಮಗುವನ್ನು ಆ ಗೇಟಿನೊಳಗೆ ಬಿಟ್ಟು ತಿರುಗಿ ಬರುವ ಶಕ್ತಿ ನನಗಿಲ್ಲ. ಕಾರಣವನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲೇ ಓದಿಸಬಹುದಂತೆ. ಆದರೆ ಮಾರ್ಚಿನಲ್ಲಿ ಇಲಾಖೆಯವರು ಬಂದು ನೋಡುತ್ತಾರೆ. ವಯಸ್ಸಿಗೆ ತಕ್ಕಷ್ಟು ಓದಲು, ಬರೆಯಲು, ಕೂಡಿ ಕಳೆಯಲು ಬಾರದಿದ್ದರೆ ಶಾಲೆಗೆ ಸೇರಿಸಲೇಬೇಕು ಎಂದು ಚೀಟಿ ಬಂದಿದೆ.

ನಾನೇನೂ ಕೈಕಟ್ಟಿ ಕೂತಿಲ್ಲ. ಹನ್ನೊಂದು ಹೊಸ ಪುಸ್ತಕ ತಂದೆ. ಗೋಡೆ ತುಂಬ ಚಾರ್ಟು ಹಾಕಿದೆ. ಅಕ್ಷರ, ಕಾಗುಣಿತ, ಕೈಬರಹ, ಲೆಕ್ಕ, ಇಂಗ್ಲಿಷ್, ಪರಿಸರ, ಚಿತ್ರ, ನೀತಿ, ಸಾಮಾನ್ಯ ಜ್ಞಾನ, ಹೀಗೆ ಒಂಬತ್ತು ವಿಷಯಕ್ಕೆ ವೇಳಾಪಟ್ಟಿ ಬರೆದು ಅಂಟಿಸಿದೆ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ. ನನ್ನ ಕೆಲಸ ಆಮೇಲೆ. ಅದೇ ಹಳೆಯ ಕೆಲಸ, ಇಬ್ಬರು ದಂತವೈದ್ಯರಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು. ಇವರು ಬಸ್ಸು ಓಡಿಸಿಕೊಂಡು ಹೋದರೆ ಮನೆಗೆ ಬರುವುದು ಮೂರನೇ ದಿನಕ್ಕೆ.

ಎರಡು ತಿಂಗಳಾಯಿತು. ಕಲಿತದ್ದು ಸೊನ್ನೆ. ಅಂಗಿಯ ತೋಳನ್ನು ಕಚ್ಚಿ ಕಚ್ಚಿ ತೂತು ಮಾಡಿಕೊಂಡಿದ್ದಾಳೆ. ಗಡಿಯಾರ ಎಂಟು ಹೊಡೆದರೆ ಮಂಚದ ಕೆಳಗೆ ಸೇರುತ್ತಾಳೆ. ನಿನ್ನೆ ಕಾಲು ಹಿಡಿದು ಎಳೆದೆ. ಎಳೆದ ಮೇಲೆ ನನ್ನ ಕೈಯನ್ನೇ ನೋಡುತ್ತಾ ಕೂತೆ.

ಚಿಕ್ಕ ಮಕ್ಕಳಿಗೆ ಓದು ಕಲಿಸಲು ಬಲ್ಲವರು ನನಗೆ ಗೊತ್ತಿರುವುದು ಒಬ್ಬರೇ. ಅದಕ್ಕೆ ಬರೆದೆ.

— ತಂಗಿ


ಜೂನ್ 18

ತಂಗೀ,

ಪಾಠದ ಬಗ್ಗೆ ಮಾತ್ರ ಬರೆಯುತ್ತೇನೆ.

ವೇಳಾಪಟ್ಟಿ ಕಿತ್ತು ಹಾಕು. ಚಾರ್ಟುಗಳನ್ನೂ. ಆರು ವರ್ಷದ ಮಗುವಿಗೆ ಒಂಬತ್ತು ವಿಷಯ ಎಂದರೆ ಇರುವೆಯ ಬೆನ್ನ ಮೇಲೆ ಮೂಟೆ ಹೊರಿಸಿದಂತೆ. ಓದುವುದು, ಬರೆಯುವುದು, ಎಣಿಸುವುದು, ಇಷ್ಟು ಬಂದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ. ಇಂಗ್ಲಿಷ್ ಎಲ್ಲಿಗೂ ಓಡಿಹೋಗುವುದಿಲ್ಲ. ಸಾಮಾನ್ಯ ಜ್ಞಾನ ಬೇಕಾದರೆ ಅಂಗಡಿಗೆ ಕರೆದುಕೊಂಡು ಹೋಗು. ನೀತಿಯನ್ನು ಅವಳು ಪುಸ್ತಕದಿಂದ ಕಲಿಯುವುದಿಲ್ಲ, ನಿನ್ನ ಮುಖ ನೋಡಿ ಕಲಿಯುತ್ತಾಳೆ.

ಓದಿಗೆ ಮೊದಲು ಕೇಳುವುದು. ದಿನಾ ನೀನು ಓದು, ಅವಳು ಕೇಳಲಿ. ಎದುರಿಗಲ್ಲ, ತೊಡೆಯ ಮೇಲೆ ಕೂರಿಸಿಕೋ. ಬೆರಳು ಸಾಲಿನ ಕೆಳಗೆ ಓಡುತ್ತಿರಲಿ. ಕಥೆ ಮುಗಿದ ಮೇಲೆ ‘ಇದರಿಂದ ಏನು ತಿಳಿಯಿತು?’ ಎಂದು ಮಾತ್ರ ಕೇಳಬೇಡ. ನಾವು ಮೇಷ್ಟರುಗಳು ಹಾಳು ಮಾಡುವುದು ಅಲ್ಲೇ. ಬರವಣಿಗೆ ದಿನಕ್ಕೆ ಒಂದು ಸಾಲು, ಅವಳ ಬಾಯಿಂದ ಬಂದ ಮಾತನ್ನೇ. ಅವಳು ಹೇಳಲಿ, ನೀನು ಬರೆದು ತೋರಿಸು, ಕೆಳಗೆ ಅವಳು ಬರೆಯಲಿ. ಎಣಿಕೆಗೆ ಪುಸ್ತಕವೇ ಬೇಡ. ಕೈಗೆ ಸಿಕ್ಕಿದ್ದನ್ನು ಗುಂಪು ಮಾಡಲಿ, ಸೇರಿಸಲಿ, ತೆಗೆಯಲಿ. ಎಲ್ಲ ಸೇರಿ ಒಂದು ಗಂಟೆ. ಮಿಕ್ಕ ಹೊತ್ತು ಆಡಿಕೊಳ್ಳಲಿ, ನಿನ್ನ ಕೆಲಸದ ಹತ್ತಿರ ಸುಳಿದಾಡಲಿ. ಚೆನ್ನಾಗಿ ನಿದ್ದೆ ಮಾಡಲಿ.

ಹನ್ನೊಂದು ಪುಸ್ತಕ ಬೇಡ. ಮನೆಯಲ್ಲಿ ಹಳೆಯ ಒಂದನೇ ತರಗತಿಯ ಓದುವ ಪುಸ್ತಕ ಇದ್ದೀತು. ಅದೊಂದೇ ಸಾಕು.

ಕೊನೆಯದು. ಮಗು ಸಾಕು ಅಂದರೆ ಸಾಕು. ಪುಸ್ತಕ ಮುಚ್ಚು. ನಿಜವೋ ನೆಪವೋ ಎಂದು ತೂಗುತ್ತಾ ಕೂರಬೇಡ. ಮಗು ಸಾಕು ಅಂದರೆ ಸಾಕು.

— ಅಕ್ಕ


ಜೂನ್ 29

ಅಕ್ಕನಿಗೆ,

‘ಮಗು ಸಾಕು ಅಂದರೆ ಸಾಕು.’ ಈ ಸಾಲು ಬರೆಯುವಾಗ ನಿನ್ನ ಕೈ ನಡುಗಲಿಲ್ಲವೇ? ನನ್ನ ದೊಡ್ಡವಳು ನಿನ್ನ ಮೇಜಿನ ಮುಂದೆ ನಿಂತು ಹೊಟ್ಟೆನೋವು ಅಂದಾಗ ಈ ಬುದ್ಧಿ ಎಲ್ಲಿ ಹೋಗಿತ್ತು? ಅವಳ ಟೀಚರ್ ನೀನೇ, ದೊಡ್ಡಮ್ಮನೂ ನೀನೇ. ಕೂರಿಸಿ ಲೆಕ್ಕ ಮಾಡಿಸಿದೆ. ಅಪೆಂಡಿಕ್ಸ್ ಒಳಗೇ ಒಡೆದಿತ್ತು. ಸಂಜೆ ಆಪರೇಷನ್ ಆಯಿತು, ಶನಿವಾರಕ್ಕೆ ಎಲ್ಲ ಮುಗಿಯಿತು. ಎಂಟು ವರ್ಷದ ಮಗು. ಈಗ ನನಗೆ ಬುದ್ಧಿ ಹೇಳುತ್ತೀಯ, ನಿಜವೋ ನೆಪವೋ ತೂಗಬೇಡ ಎಂದು. ತಕ್ಕಡಿ ಹಿಡಿದಿದ್ದವಳು ನೀನು.

ಪಾಠದ ಬಗ್ಗೆ ಮಾತ್ರ ಎಂದು ನಾನೇ ಗೆರೆ ಎಳೆದಿದ್ದೆ, ನಾನೇ ದಾಟಿದೆ. ಇನ್ನು ದಾಟುವುದಿಲ್ಲ.

ವೇಳಾಪಟ್ಟಿ ಕಿತ್ತೆ. ಮೆಣಸು ಅದನ್ನು ನಾಲ್ಕು ಚೂರು ಮಾಡಿ, ಚೂರಿಗೊಂದು ದೋಣಿ ಮಾಡಿ ಬಕೆಟ್ಟಿನಲ್ಲಿ ಬಿಟ್ಟಳು. ಚಾರ್ಟುಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ. ಎಲ್ಲ ಕಿತ್ತರೆ ನಾನು ಏನೂ ಮಾಡುತ್ತಿಲ್ಲವೇನೋ ಎಂದು ಹೆದರಿಕೆಯಾಗುತ್ತದೆ.

ಎಣಿಕೆ ಮಾತ್ರ ನಾನು ಅಂದುಕೊಳ್ಳದ ರೀತಿಯಲ್ಲಿ ಶುರುವಾಯಿತು. ನನ್ನ ಕೆಲಸದ ಮೇಜಿನ ಮೇಲೆ ಮೇಣದ ಪಟ್ಟಿಗೆ ಅಂಟಿಸಿದ ಹಲ್ಲುಗಳು ಬರುತ್ತವಲ್ಲ, ಮುಂದಿನವು ಆರು, ಹಿಂದಿನವು ಎಂಟು. ಅವನ್ನು ಜೋಡಿಸಿ, “ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು, ಪೂರ್ತಿ ಬಾಯಿಗೆ ಇಪ್ಪತ್ತೆಂಟು,” ಅಂದಳು. ನಾನು ಹೇಳಿಕೊಟ್ಟದ್ದಲ್ಲ. ಇವರು ಬಂದಾಗ ಅವರ ಬಾಯಿ ತೆರೆಸಿ ಎಣಿಸಿದಳು. “ಅಪ್ಪನಿಗೆ ಒಂದು ಕಮ್ಮಿ,” ಎಂದು ನನಗೆ ವರದಿ ಒಪ್ಪಿಸಿದಳು. ಇವರು ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ.

ಓದು ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ಹಳೆಯ ಪುಸ್ತಕದ ಮಾತು ಎತ್ತಬೇಡ. ಅದು ದೊಡ್ಡವಳ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆಗೆ ಬೀಗ ಹಾಕಿದ್ದೇನೆ. ಹನ್ನೊಂದು ಹೊಸ ಪುಸ್ತಕ ನಾನು ಯಾಕೆ ತಂದೆ ಎಂದುಕೊಂಡಿದ್ದೀಯ?

— ತಂಗಿ


ಜುಲೈ 30

ತಂಗೀ,

ಕೈ ನಡುಗಲಿಲ್ಲವೇ ಎಂದು ಕೇಳಿದ್ದೀಯ. ನಡುಗಿತು. ಅದಕ್ಕೇ ಆ ಸಾಲು ಎರಡು ಸಲ ಬಂದಿದೆ.

ಒಂದು ತಿಂಗಳು ತಡಮಾಡಿದ್ದಕ್ಕೆ ಬೇರೆ ಕಾರಣವಿಲ್ಲ. ನಾಲ್ಕು ಕಾಗದ ಬರೆದೆ, ನಾಲ್ಕರಲ್ಲೂ ಗೆರೆ ದಾಟಿದ್ದೆ. ಇದು ಐದನೆಯದು.

ಓದು ಸಾಗುತ್ತಿಲ್ಲ ಎಂದು ಗಾಬರಿ ಬೇಡ. ಬೀಜ ಹಾಕಿದ ಮೇಲೆ ದಿನಾ ಮಣ್ಣು ಕೆದಕಿ ನೋಡುವವರಂತೆ ಆಗಬಾರದು. ತಿಂಗಳುಗಟ್ಟಲೆ ಏನೂ ಕಾಣಿಸುವುದಿಲ್ಲ. ಆಮೇಲೆ ಒಂದು ದಿನ ಔಷಧಿಯ ಬಾಟಲಿಯ ಮೇಲಿನದ್ದನ್ನೋ ಬಸ್ಸಿನ ಬೋರ್ಡನ್ನೋ ತಾನಾಗಿ ಓದಿಬಿಡುತ್ತಾರೆ. ಆ ದಿನ ನೀನು ಹತ್ತಿರ ಇರಬೇಕು, ಅಷ್ಟೇ. ಉಳಿದ ಆ ಎರಡು ಚಾರ್ಟು ಯಾರಿಗಾಗಿ ಎಂದು ನಿನ್ನನ್ನೇ ಕೇಳಿಕೋ. ಅವಳಿಗಾಗಿ ಅಲ್ಲದಿದ್ದರೆ ತೆಗೆದುಬಿಡು. ನಿನಗಾಗಿಯಾದರೆ ಇರಲಿ. ನಿನಗೂ ಏನಾದರೂ ಹಿಡಿದುಕೊಳ್ಳಲು ಬೇಕು.

ಎಲ್ಲ ಪುಸ್ತಕ ಬಿಟ್ಟು, ಅವಳ ಒಂದೊಂದು ಸಾಲನ್ನೇ ಹೊಲಿದು ಪುಸ್ತಕ ಮಾಡು. ತಾನು ಆಡಿದ ಮಾತನ್ನು ಮಗು ಬೇಗ ಓದುತ್ತದೆ.

ನನ್ನದು ಹೇಳಬೇಕೆಂದರೆ, ಇಲ್ಲಿ ಒಂದು ದೊಡ್ಡ ಹೋಟೆಲಿನ ಬಟ್ಟೆಕೋಣೆಯಲ್ಲಿದ್ದೇನೆ. ಹಾಸಿಗೆಯ ಚಾದರ, ದಿಂಬಿನ ಚೀಲ, ಟವೆಲು. ಒಗೆದು ಬಂದದ್ದನ್ನು ಇಸ್ತ್ರಿ ಹಾಕಿ, ಮಡಚಿ, ಮಹಡಿವಾರು ಗಾಡಿಗೆ ತುಂಬುವುದು. ಜೊತೆಯ ಹೆಂಗಸರು ನನ್ನನ್ನು ‘ನೆಟ್ಟಗಿನವಳು’ ಅನ್ನುತ್ತಾರೆ, ಅಂಚಿಗೆ ಅಂಚು ಸೇರಿಸದೆ ಬಿಡುವುದಿಲ್ಲವಲ್ಲ ಅದಕ್ಕೆ. ನಾನು ಟೀಚರ್ ಆಗಿದ್ದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಯಾರೂ ನನ್ನ ಹತ್ತಿರ ಬಂದು ಏನನ್ನೂ ಕೇಳುವುದಿಲ್ಲ. ಅದೇ ಬೇಕಾಗಿತ್ತು.

— ಅಕ್ಕ


ಸೆಪ್ಟೆಂಬರ್ 21

ಅಕ್ಕ,

ಪೆಟ್ಟಿಗೆ ತೆಗೆದೆ.

ತೆಗೆಯಬೇಕೆಂದು ತೆಗೆದದ್ದಲ್ಲ. ಮೆಣಸು ಬೀಗದ ಕೈ ಹುಡುಕಿಕೊಂಡಿದ್ದಳು. ನಾನು ಒಬ್ಬರ ದವಡೆಯ ಅಚ್ಚಿಗೆ ಗಾರೆ ಕಲಸುತ್ತಿದ್ದೆ, ಗಟ್ಟಿಯಾಗುವ ಮೊದಲೇ ಸುರಿಯಬೇಕು, ಕೈ ಬಿಡುವಂತಿಲ್ಲ. ಆಚೆ ಕೋಣೆಯಲ್ಲಿ ಮುಚ್ಚಳ ಕಿರ್ ಅಂದದ್ದು ಕೇಳಿಸಿತು. ಗಾರೆ ಅಲ್ಲೇ ಬಿಟ್ಟು ಓಡಿದೆ. ಹೊಡೆಯಲೆಂದೇ ಓಡಿದೆ ಅನ್ನಿಸುತ್ತದೆ, ಸುಳ್ಳು ಯಾಕೆ ಹೇಳಲಿ.

ಅವಳು ನೆಲದ ಮೇಲೆ ಕೂತು ದೊಡ್ಡವಳ ಒಂದನೇ ತರಗತಿಯ ಪುಸ್ತಕ ಬಿಡಿಸಿಕೊಂಡಿದ್ದಳು. ಪ್ರತಿ ಪುಟದ ಅಂಚಿನಲ್ಲೂ ದೊಡ್ಡವಳು ಪೆನ್ಸಿಲಿನಲ್ಲಿ ನಕಲು ಬರೆದಿದ್ದಾಳೆ, ನೆನಪಿದೆಯಾ, ಅವಳಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಮೆಣಸು ಬೆರಳಿಟ್ಟು ಒಂದು ಪದ ತೋರಿಸಿ ಗಹಗಹಿಸಿ ನಗುತ್ತಿದ್ದಳು.

“ಅಮ್ಮ, ನೋಡಿಲ್ಲಿ! ಅಕ್ಕ ಹಕ್ಕಿಗೆ ಕಾಲೇ ಇಟ್ಟಿಲ್ಲ!”

ಬಗ್ಗಿ ನೋಡಿದೆ. ದೊಡ್ಡವಳು ‘ಹಕಿ’ ಎಂದು ಬರೆದಿದ್ದಳು. ಕೆಳಗಿನ ಒತ್ತು ಬಿಟ್ಟುಹೋಗಿತ್ತು.

“ಹಕಿ, ಹಕಿ,” ಎಂದು ಕುಣಿದಳು. “ಕಾಲಿಲ್ದೆ ಹೇಗೆ ನಿಲ್ಲತ್ತೆ ಪಾಪ?” ಎಂದು ತಾನೇ ಪೆನ್ಸಿಲ್ ತಂದು ಕಿ-ಗೆ ಒತ್ತು ಕೊಟ್ಟಳು.

ಓದಿದ್ದಳು, ಅಕ್ಕ. ತಪ್ಪು ಯಾವುದು ಸರಿ ಯಾವುದು ಎಂದು ಗೊತ್ತಾಗುವಷ್ಟು ಓದಿದ್ದಳು. ನೀನು ಹೇಳಿದ ಆ ದಿನ ಅದೇ ಇರಬೇಕು. ನಾನು ಹತ್ತಿರ ಇದ್ದೆ. ಕೈಯೆಲ್ಲ ಗಾರೆ, ಮುಖ ಮುಚ್ಚಿಕೊಳ್ಳಲೂ ಆಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ಅವಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಆಮೇಲೆ ದಿನಾ ಅದೇ ಪುಸ್ತಕ. ಅಕ್ಕನ ತಪ್ಪು ಹುಡುಕುವುದೇ ಅವಳಿಗೆ ಆಟ. ನಾನು ತಡೆಯಲಿಲ್ಲ. ಬೆಳಗ್ಗೆ ಒಂದು ಗಂಟೆ, ಅಷ್ಟೇ. ಅಂಗಿಯ ತೋಳು ಕಚ್ಚುವುದು ನಿಂತಿದೆ. ಗೋಡೆ ಈಗ ಪೂರ್ತಿ ಖಾಲಿ.

ಪುಸ್ತಕದ ಮೊದಲ ಪುಟದಲ್ಲಿ ನಿನ್ನ ಕೈಬರಹವಿದೆ. ‘ನನ್ನ ಮುದ್ದಿಗೆ, ಓದಿ ಓದಿ ದೊಡ್ಡಮ್ಮನನ್ನೇ ಮೀರಿಸು.’ ಅದನ್ನು ಮೆಣಸು ನಿಧಾನವಾಗಿ ಓದಿ, “ದೊಡ್ಡಮ್ಮ ಅಂದ್ರೆ ಯಾರು?” ಎಂದು ಕೇಳಿದಳು. ನೀನು ಹೋದಾಗ ಅವಳಿಗೆ ನಾಲ್ಕು ವರ್ಷ.

ಗೆರೆಯನ್ನು ನಾನೇ ಅಳಿಸುತ್ತಿದ್ದೇನೆ. ಆ ಗುರುವಾರ ತರಗತಿಯಲ್ಲಿ ಏನಾಯಿತೋ ಅದನ್ನು ನನಗೆ ಬರೆ. ಬೇರೆಯವರ ಬಾಯಿಂದ ಕೇಳಿದ್ದೇನೆ, ನಿನ್ನ ಬಾಯಿಂದ ಕೇಳಿಲ್ಲ. ಕೇಳುವುದಕ್ಕೆ ನಾನು ಬಿಡಲಿಲ್ಲ.

— ತಂಗಿ


ನವೆಂಬರ್ 12

ತಂಗೀ,

ಬರೆಯುತ್ತೇನೆ. ಒಂದೇ ಉಸಿರಿಗೆ ಬರೆಯದಿದ್ದರೆ ಆಗುವುದಿಲ್ಲ.

ಮೂರನೇ ಪೀರಿಯಡ್. ಕಿರುಪರೀಕ್ಷೆ, ಹತ್ತು ಲೆಕ್ಕ. ನಲವತ್ತೊಂದು ಮಕ್ಕಳು. ಅವಳು ಕಿಟಕಿಯ ಪಕ್ಕದ ಎರಡನೇ ಬೆಂಚು. ಎರಡು ಲೆಕ್ಕ ಮಾಡಿ ಎದ್ದು ನನ್ನ ಮೇಜಿನ ಹತ್ತಿರ ಬಂದಳು. “ಟೀಚರ್, ಹೊಟ್ಟೆ ನೋಯ್ತಿದೆ,” ಅಂದಳು. ತರಗತಿಯಲ್ಲಿ ದೊಡ್ಡಮ್ಮ ಅನ್ನಬಾರದು ಎಂದು ನಾನೇ ಕಟ್ಟು ಮಾಡಿದ್ದೆ. ಒಂದು ದಿನವೂ ತಪ್ಪಿರಲಿಲ್ಲ ಅವಳು.

ಹಿಂದಿನ ವಾರ ಒಂದು ಮಗುವಿನ ತಾಯಿ ಗೇಟಿನ ಹತ್ತಿರ, “ಟೀಚರ್ ತಂಗಿ ಮಗಳಿಗೊಂದು ನ್ಯಾಯ, ನಮ್ಮ ಮಕ್ಕಳಿಗೊಂದು,” ಅಂದಿದ್ದರು. ಅದು ತಲೆಯಲ್ಲಿತ್ತು. ಲೆಕ್ಕದ ಪರೀಕ್ಷೆ ಎಂದರೆ ನಲವತ್ತೊಂದರಲ್ಲಿ ಐದು ಹೊಟ್ಟೆ ನೋಯುವುದು ಮಾಮೂಲು, ಅದೂ ತಲೆಯಲ್ಲಿತ್ತು. “ಇನ್ನೆಂಟು ಉಳಿದಿವೆಯಲ್ಲ, ಮುಗಿಸಿಬಿಡು, ಆಮೇಲೆ ಮಲಗುವಂತೆ,” ಅಂದೆ. ಗದರಲಿಲ್ಲ. ನಕ್ಕು, ಬೆನ್ನು ತಟ್ಟಿ ಹೇಳಿದೆ. ಗದರಿದ್ದರೆ ಅತ್ತಾದರೂ ಬಿಡುತ್ತಿದ್ದಳು. ನಕ್ಕು ಹೇಳಿದ್ದರಿಂದ ಕೇಳಿದಳು.

ಹೋಗಿ ಕೂತಳು. ಎಡಗೈಯಿಂದ ಹೊಟ್ಟೆ ಒತ್ತಿಕೊಂಡು ಬಲಗೈಯಲ್ಲಿ ಬರೆಯುತ್ತಿದ್ದಳು. ನಾನು ನೋಡಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ನೋಡಿದೆ, ನೋಡಿ ಹಾಜರಿ ಪುಸ್ತಕಕ್ಕೆ ತಲೆ ತಗ್ಗಿಸಿದೆ. ಇಪ್ಪತ್ತು ನಿಮಿಷಕ್ಕೆ ಪುಸ್ತಕ ತಂದಳು. ಎಂಟಕ್ಕೆ ಎಂಟೂ ಸರಿ. ಹತ್ತಕ್ಕೆ ಹತ್ತು ಹಾಕಿ ಕೊಟ್ಟೆ. ಪುಸ್ತಕ ಹಿಡಿದುಕೊಂಡೇ ಬಾಗಿದಳು, ವಾಂತಿ ಮಾಡಿಕೊಂಡಳು. ಮುಟ್ಟಿದರೆ ಮೈ ಕೆಂಡ. ಎತ್ತಿಕೊಂಡು ಆಟೋಗೆ ಓಡಿದೆ. ಆಸ್ಪತ್ರೆ ಬರುವವರೆಗೂ, “ಪುಸ್ತಕ ಕೊಳೆಯಾಯ್ತಾ?” ಎಂದು ಕೇಳುತ್ತಿದ್ದಳು.

ಆಮೇಲಿನದು ನಿನಗೆ ಗೊತ್ತು. ಆಸ್ಪತ್ರೆಯ ವರಾಂಡದಲ್ಲಿ ಎಲ್ಲರ ಮುಂದೆ ನೀನು, “ಇವಳೇ ಕೊಂದದ್ದು,” ಅಂದೆ. ನಾನು ಮಾತಾಡಲಿಲ್ಲ. ಮುಂದಿನ ಸೋಮವಾರ ತರಗತಿಗೆ ಹೋದೆ. ಒಂದು ಮಗು ಎದ್ದು, “ಟೀಚರ್, ನೀರು ಕುಡಿಯಕ್ಕೆ ಹೋಗ್ಲಾ?” ಅಂತು. ಹೂಂ ಅನ್ನಲೂ ಆಗಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ. ಹಾಗೇ ಎದ್ದು ಆಚೆ ಬಂದೆ. ಹತ್ತೊಂಬತ್ತು ವರ್ಷದ ಟೀಚರ್ ಕೆಲಸ ಅಲ್ಲಿಗೆ ಮುಗಿಯಿತು.

ಕ್ಷಮಿಸು ಎಂದು ಬರೆಯುವುದಿಲ್ಲ. ಅದು ನಿನ್ನ ಮೇಲೆ ಇನ್ನೊಂದು ಭಾರ ಹೇರಿದಂತೆ.

ಮೆಣಸಿಗೆ ಒತ್ತಕ್ಷರ ಬಂದಿದ್ದರೆ ಈಗ ಎರಡು ಸಾಲು ಬರೆಸಬಹುದು. ಎರಡಕ್ಕಿಂತ ಹೆಚ್ಚು ಬೇಡ.

— ಅಕ್ಕ


ಜನವರಿ 6

ಅಕ್ಕ,

ನಿನ್ನ ಕಾಗದ ಬಂದು ಏಳು ವಾರವಾಯಿತು. ದಿನಾ ಓದಿದೆ. ಹಲ್ಲು ಜೋಡಿಸುವಾಗಲೂ ಎದುರಿಗೆ ಇಟ್ಟುಕೊಂಡಿರುತ್ತಿದ್ದೆ. ಒಬ್ಬರ ಕೆಳಗಿನ ಸೆಟ್ಟನ್ನು ಹಿಂದುಮುಂದಾಗಿ ಕೂರಿಸಿ ಡಾಕ್ಟರ ಹತ್ತಿರ ಬೈಸಿಕೊಂಡೆ.

ನೀನು ಹೇಳಿದೆ. ಈಗ ನಾನು ಹೇಳಬೇಕು. ಇವರಿಗೂ ಹೇಳಿಲ್ಲ.

ಆ ಗುರುವಾರ ಅವಳು ಮೊದಲು ಹೇಳಿದ್ದು ನಿನಗಲ್ಲ, ನನಗೆ. ಬೆಳಗ್ಗೆ ಏಳು ಮುಕ್ಕಾಲು. ಜಡೆ ಹಾಕುತ್ತಿದ್ದೆ. “ಅಮ್ಮ, ಹೊಟ್ಟೆ ನೋವು, ಇವತ್ತು ಹೋಗಲ್ಲ,” ಅಂದಳು. ಹನ್ನೊಂದಕ್ಕೆ ಒಬ್ಬ ಅಜ್ಜನ ಮೇಲಿನ ಸೆಟ್ಟು ಒಪ್ಪಿಸಬೇಕಿತ್ತು, ಉಜ್ಜಿ ಹೊಳಪು ಕೊಡುವುದು ಬಾಕಿ. ಮೆಣಸು ಕಾಲಿಗೆ ಸುತ್ತಿಕೊಂಡು ಅಳುತ್ತಿದ್ದಳು. “ಪರೀಕ್ಷೆ ಇದ್ದ ದಿನವೇ ನಿನಗೆ ಹೊಟ್ಟೆನೋವು. ಮುಗಿಸ್ಕೊಂಡು ಬಾ, ಎಲ್ಲಾ ಸರಿಹೋಗತ್ತೆ,” ಅಂದೆ. ಅವಳ ಹಣೆ ಮುಟ್ಟಿ ನೋಡಲಿಲ್ಲ. ಕೈಗಳು ಅವಳ ತಲೆಯ ಮೇಲೇ ಇದ್ದವು, ಜಡೆ ಹಾಕುತ್ತಿದ್ದವು. ಒಂದು ಗೇಣು ಕೆಳಗೆ ಇಳಿಸಿ ಮುಟ್ಟಲಿಲ್ಲ.

ಬಿಗಿಯಾಗಿ ಎರಡು ಜಡೆ ಹಾಕಿ ಕಳಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು, “ಎಷ್ಟು ಹೊತ್ತಿನಿಂದ ನೋವಿತ್ತು?” ಎಂದು ಕೇಳಿದಾಗ ಎಲ್ಲರೂ ನಿನ್ನ ಕಡೆ ತಿರುಗಿದರು. ನಾನೂ ತಿರುಗಿದೆ. ಅಲ್ಲೇ ನನಗೆ ದಾರಿ ಸಿಕ್ಕಿತು. ಗಟ್ಟಿಯಾಗಿ ಕೂಗಿದವಳ ಮಾತನ್ನೇ ಎಲ್ಲರೂ ನಂಬುತ್ತಾರೆ. ಕೂಗಿದವಳೇ ನಂಬಿಬಿಡುತ್ತಾಳೆ, ಅದು ಗೊತ್ತಿರಲಿಲ್ಲ. ಎರಡು ವರ್ಷ ನಂಬಿದೆ. ಮೆಣಸನ್ನು ಶಾಲೆಯಿಂದ ಕಾಪಾಡುತ್ತಿದ್ದೇನೆ ಎಂದುಕೊಂಡೆ. ಒಂಬತ್ತು ವಿಷಯ ಹೇರಿ, ಕಾಲು ಹಿಡಿದು ಎಳೆದಾಗಲೂ ಕಾಪಾಡುತ್ತಿದ್ದೇನೆ ಎಂದೇ ಅಂದುಕೊಂಡೆ.

ಒಂದೇ ಪ್ರಶ್ನೆ. ನನಗೆ ಹೇಳಿದ್ದನ್ನು ಅವಳು ನಿನಗೆ ಹೇಳಿದ್ದಳಾ? ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

— ತಂಗಿ


ಜನವರಿ 15

ನನ್ನ ತಂಗೀ,

ಹೌದು.

“ಅಮ್ಮಂಗೂ ಹೇಳ್ದೆ ಟೀಚರ್, ಪರೀಕ್ಷೆ ಮುಗಿಸ್ಕೊಂಡು ಬಾ ಅಂದ್ರು,” ಅಂದಳು. ಹಿಂದಿನ ಕಾಗದದಲ್ಲಿ ಆ ಮಾತನ್ನು ಬಿಟ್ಟು ಬರೆದಿದ್ದೆ. ಅಮ್ಮ ನೋಡಿಯೇ ಕಳಿಸಿದ್ದಾಳೆ ಎಂದು ನಾನು ಅಂದುಕೊಂಡೆ. ಅಲ್ಲಿ ಅಕ್ಕ ಇದ್ದಾಳೆ, ನೋಡಿಕೊಳ್ಳುತ್ತಾಳೆ ಎಂದು ನೀನು ಅಂದುಕೊಂಡಿದ್ದೀಯ. ನಾವಿಬ್ಬರೂ ಒಬ್ಬರನ್ನೊಬ್ಬರು ನಂಬಿದೆವು. ಅವಳನ್ನು ನಂಬಲಿಲ್ಲ.

ವರಾಂಡದಲ್ಲಿ ಅದು ನಾಲಿಗೆಯ ತುದಿಯವರೆಗೆ ಬಂದಿತ್ತು. ನಿನ್ನ ಸೊಂಟದ ಮೇಲೆ ಮೆಣಸು ಇದ್ದಳು. ನಿನ್ನ ಹೆಗಲ ಮೇಲೆ ತಲೆ ಇಟ್ಟು ನನ್ನನ್ನೇ ನೋಡುತ್ತಿದ್ದಳು. ನನಗೆ ಮನೆಗೆ ಹೋದರೆ ಬಾಗಿಲು ತೆರೆಯುವವರೂ ಇರಲಿಲ್ಲ. ನುಂಗಿಕೊಂಡೆ. ದೊಡ್ಡ ತ್ಯಾಗ ಎಂದು ತಿಳಿಯಬೇಡ. ನನ್ನ ಪಾಲು ನನ್ನದೇ ಆಗಿತ್ತು, ಯಾರು ಏನಂದರೂ ಅದು ಹಗುರವಾಗುತ್ತಿರಲಿಲ್ಲ.

ಅವರಿಗೆ ಹೇಳು. ಬಸ್ಸಿಗೆ ಹೋಗುವ ಹಿಂದಿನ ದಿನ ಹೇಳಬೇಡ. ರಜೆಯ ದಿನ ಹೇಳು.

— ನಿನ್ನ ಅಕ್ಕ


ಮಾರ್ಚ್ 30

ಅಕ್ಕ,

ಇವರಿಗೆ ಹೇಳಿದೆ. ರಜೆಯ ದಿನವೇ ಹೇಳಿದೆ. ಬೈಯಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡು ಹೋದರು, ಸಂಜೆ ಬಂದರು. ಮೂರು ದಿನ ಬೇಕಾದಷ್ಟೇ ಮಾತು. ನಾಲ್ಕನೇ ಬೆಳಗ್ಗೆ ನಾನು ಬಾಚಣಿಗೆ ಹಿಡಿದು ಮೆಣಸಿನ ಹಿಂದೆ ಕೂತಿದ್ದೆ, ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಅವರು ಬಾಚಣಿಗೆ ಇಸಿದುಕೊಂಡು ತಾವೇ ಜಡೆ ಹಾಕಿದರು. ಸ್ಟೀರಿಂಗ್ ಹಿಡಿಯುವ ಕೈ, ಜಡೆ ಹಗ್ಗದ ಹಾಗಾಯಿತು. “ಎಲ್ಲಾ ನಿನ್ನೊಬ್ಬಳಿಗೇ ಬಿಡಬಾರದಿತ್ತು,” ಅಂದರು.

ಇಲಾಖೆಯವರು ಹದಿನೆಂಟಕ್ಕೆ ಬಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಮುಂದಿನ ಎರಡು ಹಲ್ಲಿಲ್ಲ, ನಕ್ಕರೆ ಕೈ ಅಡ್ಡ ಹಿಡಿಯುತ್ತಾರೆ. ಖಾಲಿ ಗೋಡೆ ನೋಡಿ, “ಏನೂ ಹಾಕೇ ಇಲ್ವಲ್ಲ? ಎಷ್ಟು ವಿಷಯ ಹೇಳಿಕೊಡ್ತೀರಿ?” ಎಂದು ಕೇಳಿದರು. “ಓದೋದು, ಬರೆಯೋದು, ಎಣಿಸೋದು,” ಅಂದೆ. ಹುಬ್ಬು ಮೇಲೆ ಹೋಯಿತು. ತಮ್ಮ ಪುಸ್ತಕ ಕೊಟ್ಟು ಓದಿಸಿದರು. ತಡವರಿಸಿ ತಡವರಿಸಿ ಒಂದು ಪುಟ ಓದಿದಳು. ಹೇಳಿದ ಸಾಲು ಬರೆದಳು, ಒಂದು ತಪ್ಪು. ಕಳೆಯುವ ಲೆಕ್ಕ ಕೇಳಿದರೆ, “ಬಾಯಿ ತೆಗೀರಿ ಸಾರ್,” ಅಂದಳು! ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವರು ತೆರೆದರು. “ಇಪ್ಪತ್ತೆಂಟರಲ್ಲಿ ಎರಡು ಹೋಯ್ತು, ಇಪ್ಪತ್ತಾರು. ಅಮ್ಮ ಎರಡು ಮಾಡಿಕೊಡ್ತಾಳೆ, ಆಮೇಲೆ ಕೈ ಅಡ್ಡ ಹಿಡೀಬೇಡಿ.” ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಸಹಿ ಹಾಕಿದರು. ಇನ್ನೊಂದು ವರ್ಷ ಮನೆಯಲ್ಲೇ ಓದಬಹುದು. ಆಮೇಲೆ ನೋಡೋಣ. ಅವಳೇ ಈಗೀಗ, “ಸಾಲಾಗಿ ಕೂರೋದು ಹೇಗಿರತ್ತೆ?” ಎಂದು ಕೇಳುತ್ತಾಳೆ.

ಈಗ ಬರೆಯುವುದು ಮೊನ್ನೆಯದು.

ಅವಳಿಗೆ ಅವಳ ಅಕ್ಕನ ಬಗ್ಗೆ ಹೇಳಿದೆ. ಹೇಗೆ ಹೋದಳು ಎಂದು. ಇದುವರೆಗೆ ‘ಹುಷಾರಿರಲಿಲ್ಲ’ ಎಂದಷ್ಟೇ ಹೇಳಿದ್ದೆ. ಹೊಟ್ಟೆ ನೋವು ಅಂದಳು, ನಾನು ನಂಬಲಿಲ್ಲ, ದೊಡ್ಡಮ್ಮನೂ ನಂಬಲಿಲ್ಲ ಎಂದು ಹೇಳಿದೆ. ಹಾಗೇ, ಅದೇ ಮಾತಿನಲ್ಲಿ. ಅವಳು ಎದ್ದು ಹೋಗಿ ದೋಣಿ ಮಾಡಿಕೊಂಡು ಕೂತಳು.

ಮಾರನೆಯ ಬೆಳಗ್ಗೆ ಓದುತ್ತಾ ಕೂತಿದ್ದವಳು ತಲೆ ಎತ್ತಿ, “ಅಮ್ಮ, ಹೊಟ್ಟೆ ನೋವು,” ಅಂದಳು.

ಒಲೆಯ ಮೇಲೆ ಕುದಿನೀರಿನಲ್ಲಿ ಒಂದು ಹಲ್ಲಿನ ಸೆಟ್ಟು ಗಟ್ಟಿಯಾಗಲೆಂದು ಬೇಯುತ್ತಿತ್ತು, ಅರ್ಧಕ್ಕೆ ಇಳಿಸಿದರೆ ಪೂರ್ತಿ ಹಾಳು. ಆರಿಸಿದೆ. ಅವಳ ಹಣೆ ಮುಟ್ಟಿದೆ, ತಣ್ಣಗಿತ್ತು. ಹೊಟ್ಟೆ ಒತ್ತಿದೆ, ಮುಖ ಕಿವುಚಲಿಲ್ಲ. ಆದರೂ ಎತ್ತಿಕೊಂಡೆ. ಏಳು ವರ್ಷದವಳನ್ನು ಸೊಂಟದ ಮೇಲೆ ಇಟ್ಟುಕೊಂಡು ಆಸ್ಪತ್ರೆಯವರೆಗೆ ನಡೆದೆ. ಸಾಲಿನಲ್ಲಿ ಒಂದು ಗಂಟೆ ಕೂತೆವು. ಡಾಕ್ಟರು ಎಲ್ಲ ಕಡೆ ಒತ್ತಿ ನೋಡಿ, ನಾಲಿಗೆ ಚಾಚಿಸಿ, “ಏನೂ ಇಲ್ವಲ್ಲಮ್ಮ,” ಅಂದರು. ಅವರು ಹಾಗಂದಾಗ ಅವಳು ಡಾಕ್ಟರ ಮುಖ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದಳು.

ಆಚೆ ಬಂದು ರಸ್ತೆಯ ಅಂಚಿನಲ್ಲಿ ನಿಂತೆವು.

“ಸುಮ್ನೆ ಹೇಳ್ದೆ ಅಮ್ಮ,” ಅಂದಳು.

“ಗೊತ್ತಿತ್ತು.”

“ಗೊತ್ತಿದ್ರೂ ಯಾಕೆ ಕರ್ಕೊಂಡು ಬಂದೆ?”

ಬಸ್ಸು, ಲಾರಿ ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಅವಳ ಕೈ ಹಿಡಿದುಕೊಂಡು ನಿಂತೇ ಇದ್ದೆ. ಬಹಳ ಹೊತ್ತಿನ ಮೇಲೆ ಅವಳೇ ಎರಡೂ ಕಡೆ ನೋಡಿ, “ಈಗ ದಾಟಬಹುದು, ಬಾ,” ಅಂದಳು.

— ನಿನ್ನ ತಂಗಿ